ನೀರಿನ ಮೇಲೆ ಹೊಗೆ: ಒಂದು ಹಾಡಿನ ಹುಟ್ಟು ಮತ್ತು ಬಾಳು

ವಿದ್ಯಾರ್ಥಿ ಮಿತ್ರರೇ, ನಿಮ್ಮ ಗೆಳೆಯರಲ್ಲಿ ಯಾರಾದರೂ ಹೊಸದಾಗಿ ಗಿಟಾರ್ ಕಲಿಯುತ್ತಿದ್ದಾರೆಯೇ? ಹಾಗಿದ್ದರೆ ಹನ್ನೆರಡು ಹೆಜ್ಜೆಗಳ ಒಂದು ಗಡುಸಾದ ತುಣುಕನ್ನು ಅವರು ಮತ್ತೆ ಮತ್ತೆ ನುಡಿಸುವುದನ್ನು ನೀವು ಕೇಳಿರಬಹುದು. ಮೊದಲು ಮೂರು ಪೆಟ್ಟು, ಆಮೇಲೆ ನಾಲ್ಕು, ಪುನಃ ಮೂರು, ಕೊನೆಗೆ ಎರಡು. ಇಂಗ್ಲೆಂಡಿನ 'ಡೀಪ್ ಪರ್ಪಲ್' ತಂಡದ 'ಸ್ಮೋಕ್ ಆನ್ ದ ವಾಟರ್' ಹಾಡು ಆರಂಭವಾಗುವುದು ಹೀಗೆ. ಹೆಸರಿನ ಅರ್ಥ 'ನೀರಿನ ಮೇಲೆ ಹೊಗೆ'. ಇದು ಕವಿಕಲ್ಪನೆಯಲ್ಲ. ಆ ಹೊಗೆಯನ್ನು ಹಾಡು ಕಟ್ಟಿದವರು ಕಣ್ಣಾರೆ ಕಂಡಿದ್ದರು.

ಬೆಂಕಿಯ ದಿನ

ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ದಡದ ಮೇಲೆ ಮಾಂಟ್ರೋ ಎಂಬ ಪುಟ್ಟ ಪಟ್ಟಣವಿದೆ. 1971ರ ಡಿಸೆಂಬರಿನಲ್ಲಿ ಡೀಪ್ ಪರ್ಪಲ್ ತಂಡದ ಐವರು ಅಲ್ಲಿಗೆ ಬಂದರು: ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್, ಗಾಯಕ ಇಯಾನ್ ಗಿಲನ್, ಬೇಸ್ ಗಿಟಾರಿನ ರೋಜರ್ ಗ್ಲೋವರ್, ಆರ್ಗನ್ ನುಡಿಸುವ ಜಾನ್ ಲಾರ್ಡ್ ಮತ್ತು ಡ್ರಮ್ಸ್‌ನ ಇಯಾನ್ ಪೇಸ್. ಅಲ್ಲಿನ ಕ್ಯಾಸಿನೋ ಕಟ್ಟಡದ ಸಭಾಂಗಣದಲ್ಲಿ ಹೊಸ ಧ್ವನಿಮುದ್ರಿಕೆ ಸಿದ್ಧಪಡಿಸುವುದು ಅವರ ಯೋಜನೆ. ಅದಕ್ಕಾಗಿ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋವನ್ನು, ಅಂದರೆ ಲಾರಿಯೊಳಗೆ ಅಳವಡಿಸಿದ್ದ ಧ್ವನಿಮುದ್ರಣ ಘಟಕವನ್ನು, ಬಾಡಿಗೆಗೆ ತರಿಸಿದ್ದರು.

ಕೆಲಸ ಶುರುವಾಗುವ ಮುನ್ನ ಅದೇ ಸಭಾಂಗಣದಲ್ಲಿ ಅಮೆರಿಕದ ಫ್ರ್ಯಾಂಕ್ ಜಪ್ಪಾ ಅವರ ಕಛೇರಿಯಿತ್ತು. ಡಿಸೆಂಬರ್ 4ರಂದು ಕಾರ್ಯಕ್ರಮ ನಡೆಯುತ್ತಿರುವಾಗಲೇ ಪ್ರೇಕ್ಷಕನೊಬ್ಬ, ಅಪಾಯದಲ್ಲಿ ಸಂಕೇತ ಕೊಡಲು ಬಳಸುವ ಬೆಳಕಿನ ಪಿಸ್ತೂಲನ್ನು ಚಾವಣಿಯತ್ತ ಹಾರಿಸಿದ. ಚಾವಣಿಗೆ ಬೆತ್ತದ ಹೊದಿಕೆಯಿತ್ತು. ಒಂದು ಕಿಡಿ ಸಾಕಾಯಿತು.

ಜನ ಶಾಂತವಾಗಿ ಹೊರನಡೆಯಬೇಕೆಂದು ಜಪ್ಪಾ ವೇದಿಕೆಯಿಂದಲೇ ಕೇಳಿಕೊಂಡರು. ದೊಡ್ಡ ಕಿಟಕಿಗಳ ಗಾಜು ಒಡೆದು ಹಲವರು ಪಾರಾದರು. ಮಾಂಟ್ರೋ ಜಾಜ್ ಉತ್ಸವವನ್ನು 1967ರಲ್ಲಿ ಆರಂಭಿಸಿದ ಕ್ಲಾಡ್ ನಾಬ್ಸ್ ಒಳಗೆ ಸಿಲುಕಿದ್ದ ಹುಡುಗರನ್ನು ಹೊರಗೆಳೆದು ತಂದರು. ಕಟ್ಟಡ ಬೂದಿಯಾಯಿತು, ಆದರೆ ಒಂದು ಜೀವವೂ ಹೋಗಲಿಲ್ಲ. ಡೀಪ್ ಪರ್ಪಲ್ ತಂಡದವರು ದೂರದ ಹೋಟೆಲಿನಿಂದ ನೋಡುತ್ತಿದ್ದಂತೆ, ದಟ್ಟ ಹೊಗೆ ಸರೋವರದ ಮೇಲೆ ಹರಡಿಕೊಂಡಿತು.

ಉಳಿದುಹೋಗಿದ್ದ ರಾಗ

ಈಗ ಅವರಿಗೆ ಸ್ಟುಡಿಯೋ ಲಾರಿ ಇತ್ತು, ನುಡಿಸಲು ಜಾಗವಿರಲಿಲ್ಲ. ನಾಬ್ಸ್ ಅವರು ಪೆವಿಲಿಯನ್ ಎಂಬ ರಂಗಮಂದಿರವನ್ನು ಕೊಡಿಸಿದರು. ರಾತ್ರಿಯ ಹೊತ್ತಿನಲ್ಲಿ ಬ್ಲ್ಯಾಕ್‌ಮೋರ್ ಕಟ್ಟಿದ ಆ ಹನ್ನೆರಡು ಹೆಜ್ಜೆಯ ರಾಗ ಅಲ್ಲಿ ಮೊಳಗಿತು. ಸದ್ದಿಗೆ ನಿದ್ದೆಗೆಟ್ಟ ನೆರೆಹೊರೆಯವರು ದೂರು ಕೊಟ್ಟರು. ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರೆ, ಮುದ್ರಣ ಮುಗಿಯುವವರೆಗೆ ತಂಡದ ಸಹಾಯಕರು ಒಳಗಿನಿಂದ ಬಾಗಿಲನ್ನು ಒತ್ತಿ ಹಿಡಿದಿದ್ದರಂತೆ! ಒಂದು ವಾದ್ಯಭಾಗವಷ್ಟೇ ಕೈಗೆ ಸಿಕ್ಕಿತು. ಅದಕ್ಕೆ ಸಾಹಿತ್ಯವಿರಲಿಲ್ಲ, ಹೆಸರೂ ಇರಲಿಲ್ಲ.

ಕೊನೆಗೆ ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕೊರೆಯುವ ಓಣಿಯಲ್ಲಿ ಹಾಸಿಗೆಗಳನ್ನು ಅಡ್ಡವಿಟ್ಟು ಸದ್ದು ತಗ್ಗಿಸಿ ಕೆಲಸ ಮುಂದುವರಿಸಿದರು. ಲಾರಿ ನಿಂತಿದ್ದುದು ಹೊರಗೆ. ನುಡಿಸಿದ್ದನ್ನು ಕೇಳಬೇಕಾದರೆ ಕೋಣೆಗಳನ್ನೂ ಬಾಲ್ಕನಿಗಳನ್ನೂ ದಾಟಿ ಹೋಗಬೇಕಿತ್ತು. ಆದ್ದರಿಂದ ಪ್ರತಿ ಸಲ ಹೋಗಿ ಕೇಳುವುದನ್ನೇ ಅವರು ಬಿಟ್ಟುಬಿಟ್ಟರು.

ಮುದ್ರಿಕೆಗೆ ಇನ್ನೂ ಕೆಲವು ನಿಮಿಷಗಳ ಸಂಗೀತ ಬೇಕಾದಾಗ ಪೆವಿಲಿಯನ್‌ನ ಆ ಅರ್ಧ ಹಾಡು ನೆನಪಾಯಿತು. ಬೆಂಕಿಯಾದ ಕೆಲವು ದಿನಗಳ ಬಳಿಕ ಗ್ಲೋವರ್ ನಿದ್ದೆಯಿಂದ ಏಳುವಾಗ ಅವರ ಬಾಯಿಂದ ಹೊರಟಿದ್ದ ಮಾತೇ ಹಾಡಿನ ಹೆಸರಾಯಿತು. ಸಾಹಿತ್ಯದಲ್ಲಿ ಪ್ರೇಮವಿಲ್ಲ, ವಿರಹವಿಲ್ಲ. ಊರು ಯಾವುದು, ಏಕೆ ಬಂದರು, ಬೆಂಕಿ ಹೇಗೆ ಹತ್ತಿತು, ಯಾರು ಮಕ್ಕಳನ್ನು ಕಾಪಾಡಿದರು, ಆಮೇಲೆ ಎಲ್ಲಿ ಕುಳಿತು ನುಡಿಸಿದರು ಎಂಬುದಷ್ಟೇ ಇದೆ. ಪತ್ರಿಕಾ ವರದಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

1972ರ ಮಾರ್ಚ್‌ನಲ್ಲಿ 'ಮೆಷಿನ್ ಹೆಡ್' ಮುದ್ರಿಕೆ ಹೊರಬಂದಾಗ ತಂಡ ಭರವಸೆಯಿಟ್ಟು ಬಿಡಿಯಾಗಿ ಬಿಡುಗಡೆ ಮಾಡಿದ್ದು 'ನೆವರ್ ಬಿಫೋರ್' ಎಂಬ ಬೇರೆ ಹಾಡನ್ನು. ಈ ಹಾಡಿನ ಸರದಿ ಬಂದದ್ದು 1973ರಲ್ಲಿ. ಆಗ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ನಾಲ್ಕನೇ ಸ್ಥಾನಕ್ಕೇರಿತು.

ಸರಳತೆಯ ಗುಟ್ಟು

ಪಾಶ್ಚಾತ್ಯರು 'ರಿಫ್' ಎಂದು ಕರೆಯುವುದು ಹೀಗೆ ಮರಳಿ ಮರಳಿ ಬಂದು ಹಾಡನ್ನು ಹೊತ್ತು ನಡೆಸುವ ತುಣುಕನ್ನು. ಈ ರಿಫ್‌ನಲ್ಲಿರುವುದು ನಾಲ್ಕೇ ಸ್ವರಗಳು. ನಮ್ಮ ಸಂಗೀತದ ಭಾಷೆಯಲ್ಲಿ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ ಮತ್ತು ಒಮ್ಮೆ ಮಾತ್ರ ಇಣುಕುವ ಪ್ರತಿ ಮಧ್ಯಮ. ಒಂದೊಂದನ್ನೂ ಒಂಟಿಯಾಗಿ ನುಡಿಸದೆ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತಾರೆ. ಆ ಎರಡು ತಂತಿಗಳ ನಡುವಿನ ಅಂತರ, ಪಂಚಮದಿಂದ ಮೇಲಿನ ಷಡ್ಜಕ್ಕೆ ಇರುವಷ್ಟು. ಹಾಡಿನ ಗಡುಸುತನ ಬರುವುದು ಇಲ್ಲಿಂದಲೇ.

ಇನ್ನೊಂದನ್ನು ಗಮನಿಸಿ. ಮೊದಲು ಗಿಟಾರ್ ಒಂದೇ ಬರುತ್ತದೆ. ಬಳಿಕ ತಾಳದ ತಟ್ಟೆಗಳು, ಆರ್ಗನ್, ಡ್ರಮ್ಸ್, ಬೇಸ್ ಒಂದೊಂದಾಗಿ ಸೇರುತ್ತವೆ. ದನಿ ಕೇಳುವುದು ಎಲ್ಲಕ್ಕಿಂತ ಕೊನೆಗೆ. ಜಾನ್ ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿನ ಆಂಪ್ಲಿಫೈಯರ್ ಮೂಲಕ ಹಾಯಿಸಿ ಒರಟುಗೊಳಿಸಿದ್ದರಿಂದ ಅದೂ ಗಿಟಾರಿನಂತೆಯೇ ಗುಡುಗುತ್ತದೆ.

'ಇಷ್ಟು ಸುಲಭವಾದದ್ದು ಒಳ್ಳೆಯ ಸಂಗೀತವೇ?' ಎಂದು ಮೂಗು ಮುರಿಯುವವರಿದ್ದಾರೆ. ಕಲಿಯಲು ಸುಲಭವೆಂಬುದು ನಿಜ. ಆದರೆ ಕಲಿಯಲು ಸುಲಭವಾದದ್ದನ್ನು ಹೊಸದಾಗಿ ಕಟ್ಟುವುದು ಸುಲಭವಲ್ಲ.

ಹಾಡಿನ ಬಾಳು

1988ರ ಡಿಸೆಂಬರ್ 7ರಂದು ಆರ್ಮೇನಿಯಾದಲ್ಲಿ ಭೂಕಂಪವಾಗಿ ಸುಮಾರು 25 ಸಾವಿರ ಜನ ಸತ್ತರು. ಸಂತ್ರಸ್ತರ ನೆರವಿಗೆ ಹಲವು ತಂಡಗಳ ಕಲಾವಿದರು 1989ರಲ್ಲಿ ಒಂದಾಗಿ ಮರುಮುದ್ರಿಸಿದ್ದು ಇದೇ ಹಾಡನ್ನು. ಗಿಲನ್ ಮತ್ತು ಬ್ಲ್ಯಾಕ್‌ಮೋರ್ ಜೊತೆಗೆ 'ಕ್ವೀನ್' ತಂಡದ ಬ್ರಯಾನ್ ಮೇ, 'ಬ್ಲ್ಯಾಕ್ ಸಬಾತ್' ತಂಡದ ಟೋನಿ ಐಯೋಮಿ ಮುಂತಾದವರು ಅದರಲ್ಲಿದ್ದರು. ಆ ನಂಟು ಅಲ್ಲಿಗೇ ಮುಗಿಯಲಿಲ್ಲ. 2011ರಲ್ಲಿ ಗಿಲನ್ ಮತ್ತು ಐಯೋಮಿ ಮತ್ತೊಂದು ಮುದ್ರಿಕೆ ಹೊರತಂದು, ಭೂಕಂಪದಲ್ಲಿ ನಲುಗಿದ್ದ ಗ್ಯುಮ್ರಿ ಪಟ್ಟಣದ ಸಂಗೀತ ಶಾಲೆಯ ಮರುನಿರ್ಮಾಣಕ್ಕೆ ಹಣ ಕೂಡಿಸಿದರು.

2007ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಈ ರಿಫ್ ನುಡಿಸಿದರು. 2001ರಲ್ಲಿ ಡೀಪ್ ಪರ್ಪಲ್ ನಮ್ಮ ಬೆಂಗಳೂರಿಗೂ ಬಂದು ಕಛೇರಿ ನಡೆಸಿತು. ರಿಫ್ ಕಟ್ಟಿದ ಬ್ಲ್ಯಾಕ್‌ಮೋರ್ ಅಷ್ಟರಲ್ಲಿ ತಂಡ ಬಿಟ್ಟು ಏಳು ವರ್ಷಗಳು ದಾಟಿದ್ದವು. ಮಾಂಟ್ರೋದ ಕ್ಯಾಸಿನೋ 1975ರಲ್ಲಿ ಮತ್ತೆ ತಲೆಯೆತ್ತಿತು.

ಮಿತ್ರರೇ, ಈ ಹಾಡನ್ನು ಇನ್ನೊಮ್ಮೆ ಕೇಳುವಾಗ ಎರಡು ವಿಷಯಗಳನ್ನು ನೆನಪಿಡಿ. ಒಂದು, ತುಂಬಿದ ಸಭಾಂಗಣದಲ್ಲಿ ಒಬ್ಬನ ಹುಡುಗಾಟ ಸಾವಿರಾರು ಜನರ ಜೀವಕ್ಕೆ ಎರವಾಗಬಹುದಿತ್ತು. ಅವರನ್ನು ಉಳಿಸಿದ್ದು ಕೆಲವರ ಸಮಾಧಾನ ಮತ್ತು ಧೈರ್ಯ. ಇನ್ನೊಂದು, ಬರೆಯಲು ದೊಡ್ಡ ವಿಷಯವೇ ಬೇಕೆಂದು ಕಾಯಬೇಕಾಗಿಲ್ಲ. ಕೆಲಸ ಕೆಟ್ಟುಹೋದ ಒಂದು ವಾರದ ಕಥೆಯನ್ನು ಈ ಐವರು ಇದ್ದದ್ದು ಇದ್ದಂತೆ ಹೇಳಿದರು. ಜಾಗ ತುಂಬಲೆಂದು ಸೇರಿಸಿದ ಆ ಹಾಡೇ ಇಂದಿಗೂ ಜನರ ಕಿವಿಯಲ್ಲಿ ಉಳಿದಿದೆ.