ಕೆಳಕೋನದ ಛಾಯಾಗ್ರಹಣ ಮತ್ತು ಯಕ್ಷಗಾನ ವೇಷದ ದಾಖಲೀಕರಣ

ರೂಪದರ್ಶಿಯನ್ನು ಎತ್ತರವಾಗಿಯೂ ಗಂಭೀರವಾಗಿಯೂ ತೋರಿಸಲು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಟ್ಟು ಚಿತ್ರಿಸುವುದು ಛಾಯಾಗ್ರಹಣದ ಪರಿಚಿತ ಕ್ರಮ. 1929ರಲ್ಲಿ ಬಂದ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಬಗ್ಗಿ ನೋಡಬೇಕಾಗಿದ್ದುದರಿಂದ ಇಂತಹ ನೋಟ ಸಹಜವಾಗಿಯೇ ಒದಗುತ್ತಿತ್ತು.

ಯಕ್ಷಗಾನದ ವೇಷಧಾರಿಯು ಛಾಯಾಚಿತ್ರಕ್ಕೆ ನಿಂತಾಗ ಈ ಕ್ರಮಕ್ಕೆ ಬೇರೊಂದು ಅರ್ಥ ಪ್ರಾಪ್ತವಾಗುತ್ತದೆ. ಬಯಲಾಟದಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನು ವೇಷವನ್ನು ತಲೆಯೆತ್ತಿಯೇ ನೋಡುತ್ತಾನೆ. ಆದ್ದರಿಂದ ಇಲ್ಲಿ ಕೆಳಕೋನವು ಪ್ರೇಕ್ಷಕನ ದೃಷ್ಟಿಗೇ ಸಮೀಪವಾದುದು.

ಆದರೆ ಕ್ಯಾಮೆರಾ ತೀರ ಹತ್ತಿರವಿದ್ದರೆ ಲೆನ್ಸಿಗೆ ಸಮೀಪದ ಕಾಲು, ಕಚ್ಚೆಗಳು ಹಿಗ್ಗಿ, ದೂರದ ಮುಖ ಮತ್ತು ಮುಂಡಾಸು ಕುಗ್ಗುತ್ತವೆ. ಹಣೆಯ ನಾಮ ಮೊಟಕಾಗಿ ತೋರುತ್ತದೆ. ಬಡಗುತಿಟ್ಟಿನಲ್ಲಿ ಕೇದಗೆ ಮುಂದಲೆ, ಮುಂಡಾಸುಗಳ ಆಕಾರ ಮತ್ತು ಗಾತ್ರಗಳೇ ಪಾತ್ರದ ವರ್ಗವನ್ನು ಸೂಚಿಸುವುದರಿಂದ ಇದನ್ನು ಸಣ್ಣ ದೋಷವೆನ್ನಲಾಗದು. ಅಂತಹ ಚಿತ್ರವನ್ನೇ ನಂಬಿ ವೇಷ ಕಟ್ಟುವ ಮುಂದಿನ ತಲೆಮಾರಿನವರು ಅಳತೆ ತಪ್ಪಬಹುದು.

ಕ್ಯಾಮೆರಾ ದೂರ ಸರಿದಂತೆ ಈ ವಿರೂಪ ತಗ್ಗುತ್ತದೆ. ಟೆಲಿಫೋಟೊ ಲೆನ್ಸಿನಿಂದ ವೇಷವನ್ನು ಚೌಕಟ್ಟಿನ ತುಂಬ ಹಿಡಿಯಬಹುದು. ಕೆಳಕೋನದ ಚಿತ್ರದೊಂದಿಗೆ ಎದೆಮಟ್ಟದ ಚಿತ್ರವನ್ನೂ ತೆಗೆದಿರಿಸಿದಾಗ ಮಾತ್ರ ವೇಷದ ಪ್ರಭಾವ, ಪ್ರಮಾಣಗಳೆರಡೂ ದಾಖಲಾಗುತ್ತವೆ.