ಅಭಿಜಿತ್ ತಾರೆಯ ಗೆರೆ ಜಾಗ ತಪ್ಪಿದ್ದೇಕೆ?

ಅಭಿಜಿತ್ ನಕ್ಷತ್ರದ ರೋಹಿತ ತೆಗೆದಿರಿ. ಮಿಲಿಮೀಟರಿಗೆ 100 ಗೀರುಗಳ ಗ್ರೇಟಿಂಗ್, ಅದರ ಹಿಂದೆ ಕ್ಯಾಮೆರಾ. ಸಾಫ್ಟ್‌ವೇರ್ ಗ್ರಾಫನ್ನೂ ಬಿಡಿಸಿತು. ಆದರೆ 486 ನ್ಯಾನೊಮೀಟರಿನಲ್ಲಿ ಇರಬೇಕಾದ ಹೈಡ್ರೋಜನ್ ಬೀಟಾ ಗೆರೆ 465ರಲ್ಲಿ ಹೋಗಿ ಕೂತಿದೆ!

ಸಾಫ್ಟ್‌ವೇರನ್ನು ಬೈಯಬೇಡಿ, ಪಾಪ. ನೀವು ಹೇಳಿದ್ದನ್ನೇ ಅದು ನಂಬಿದೆ. ಕೆಂಪು ಬದಿಯ ಒಂದು ತಗ್ಗು ತೋರಿಸಿ, ‘ಇದು ಹೈಡ್ರೋಜನ್ ಆಲ್ಫಾ, 656’ ಅಂದಿರಿ. ನಿಜಕ್ಕೂ ಅದು 687ರ ಆಮ್ಲಜನಕದ ಪಟ್ಟಿ. ನಕ್ಷತ್ರದ್ದಲ್ಲ, ನಮ್ಮದೇ ಗಾಳಿಯದು! 25 ಜ್ಯೋತಿರ್ವರ್ಷ ದಾಟಿ ಬಂದ ಬೆಳಕಿಗೆ ಮನೆ ಬಾಗಿಲಲ್ಲಿ ಹತ್ತಿದ ಮಸಿ.

ಸರಿಪಡಿಸೋದು ಹೇಗೆ? ನಕ್ಷತ್ರದ ಚುಕ್ಕೆಯನ್ನು ಸೊನ್ನೆ ಅಂತ ಗುರುತಿಸಿ. ಎರಡನೇ ಗುರುತಿಗೆ ಬೀಟಾ ಗೆರೆಯನ್ನೇ ಹಿಡಿಯಿರಿ. ಅಭಿಜಿತ್‌ನಲ್ಲಿ ಅದು ಎದ್ದು ಕಾಣುತ್ತದೆ. ಈಗ 434ರ ಹತ್ತಿರ ಗಾಮಾ ಗೆರೆ ಸಿಕ್ಕಿತಾ? ಲೆಕ್ಕ ಕೂಡಿತು.

ಗೆರೆಗಳೇ ಮಸುಕಾಗಿದ್ದರೆ, ಫೋಕಸ್ ಚುಕ್ಕೆಗಲ್ಲ, ಗೆರೆಗಳಿಗೆ ಮಾಡಿ. ಕ್ಯಾಮೆರಾ ಬಿಚ್ಚಿ ಮತ್ತೆ ಜೋಡಿಸಿದಿರಾ? ಗ್ರೇಟಿಂಗಿನಿಂದ ಸೆನ್ಸರಿಗಿದ್ದ ದೂರ ಬದಲಾಗಿರುತ್ತದೆ, ಹಳೇ ಅಳತೆ ನಡೆಯೋದಿಲ್ಲ. ಇನ್ನು ಗ್ರಾಫಿನ ನೆತ್ತಿ ಚಪ್ಪಟೆಯಾಗಿದ್ದರೆ ಎಕ್ಸ್‌ಪೋಷರ್ ಜಾಸ್ತಿಯಾಗಿದೆ ಅಂತಲೇ ಅರ್ಥ. ಅದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ. ಸ್ವೆಟರ್ ಹಾಕಿಕೊಂಡು ಮತ್ತೆ ತಾರಸಿ ಹತ್ತಿ.