ಕಡಲು ಕಾದರೆ ಕಣಕ್ಕೆ ಚಳಿ

ನವೆಂಬರ್, ಡಿಸೆಂಬರ್ ಬಂತೆಂದರೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸುತ್ತಮುತ್ತ ಎಲ್ಲರ ಕಣ್ಣೂ ಬಿಸಿಲಿನ ಮೇಲೆ. ಭದ್ರಾ ನಾಲೆಯ ನೀರಲ್ಲಿ ಬೆಳೆದ ಭತ್ತ ಕೊಯ್ದು ಕಣದಲ್ಲಿ ಹರವಿರುತ್ತಾರೆ. ಕಣವಿಲ್ಲದವರಿಗೆ ಡಾಂಬರು ರಸ್ತೆಯೇ ಗತಿ. ಬೇಯಿಸಿ ಚೊಗರು ಹಾಕಿದ ಅಡಿಕೆಯೂ ಅದೇ ಹೊತ್ತಿಗೆ ಅಂಗಳ ತುಂಬಿರುತ್ತದೆ. ಆಗ ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ಮಧ್ಯಾಹ್ನವೂ ಸ್ವೆಟರ್ ಬಿಚ್ಚಲಾಗದಂಥ ಥಂಡಿ ಬಿದ್ದರೆ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ಭತ್ತದ ರಾಶಿಯಲ್ಲಿ ಮೊಳಕೆ ಒಡೆಯುತ್ತದೆ.

ಈ ಹಗಲ ಚಳಿಯ ಮೂಲ ಬೆಚ್ಚಗಿನ ಸಮುದ್ರ.

ಬಂಗಾಳ ಕೊಲ್ಲಿಯ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ದಾಟಿದರೆ ಚಂಡಮಾರುತಕ್ಕೆ ಬೇಕಾದ ಹಬೆ ಸಿಗುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಅಲ್ಲಿಗೇ ಮುಗಿಯಲಿಲ್ಲ. ಬಲ ಕುಗ್ಗಿದ ಮೇಲೂ ದಕ್ಷಿಣ ಒಳನಾಡನ್ನು ದಾಟಿ ಅರಬ್ಬಿ ಸಮುದ್ರದ ಕಡೆ ಸಾಗಿತು; ದಾರಿಯುದ್ದಕ್ಕೂ ಮಳೆ, ಸೂರ್ಯನಿಲ್ಲದ ಹಗಲು. 1950ರಿಂದ 2020ರವರೆಗೆ ಈ ಕೊಲ್ಲಿಯನ್ನೂ ಒಳಗೊಂಡ ಹಿಂದೂ ಮಹಾಸಾಗರ ಶತಮಾನಕ್ಕೆ 1.2 ಡಿಗ್ರಿಯ ವೇಗದಲ್ಲಿ ಕಾದಿದೆ ಎಂದು ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ.

ಜನವರಿಯ ರಾತ್ರಿ ಚಳಿಯ ಬಗೆಯೇ ಬೇರೆ. ಆಕಾಶ ತಿಳಿಯಾಗಿ, ಉತ್ತರದ ಒಣಗಾಳಿ ಬೀಸಿ, ನೆಲದ ಕಾವು ಆರಿಹೋಗುತ್ತದೆ. ಜಗಳೂರಿನ ಎರೆಹೊಲದ ಕಡಲೆಗೆ ಆ ಚಳಿ, ಇಬ್ಬನಿ ಹಿತ. ಬೇಸಿಗೆ ಭತ್ತದ ಸಸಿಮಡಿಗೆ ಮಾತ್ರ ಕೇಡು. ಪೈರು ಹಳದಿಯಾಗಿ ಏಳಿಗೆ ನಿಲ್ಲುತ್ತದೆ. ಈ ರಾತ್ರಿ ಚಳಿಯ ಹಿಂದೆಯೂ ಕಡಲಿನ ಕೈವಾಡವಿರಬಹುದು. ಬೆಚ್ಚಗಿನ ನೀರು ಪಶ್ಚಿಮ ಪೆಸಿಫಿಕ್‌ನಲ್ಲಿ ಒಟ್ಟಾಗಿ ಪೂರ್ವದ ಭಾಗ ತಣ್ಣಗಾಗುವ ಲಾ ನಿನಾ ವರ್ಷಗಳಲ್ಲಿ ಆ ಒಣಗಾಳಿ ಬೀಸಿಬರುವ ಉತ್ತರ ಭಾರತದಲ್ಲಿ ಚಳಿ ಹೆಚ್ಚಾಗುವ ಸಾಧ್ಯತೆಯಿದೆ.

ಕಡಲ ಕಾವಿಗೂ ಚಳಿಗೂ ಇರುವ ನಂಟು ಎಲ್ಲೆಡೆ ಖಚಿತವಲ್ಲ. ಉತ್ತರ ಧ್ರುವದ ಕಡಲ ಹಿಮ ಕರಗಿದ್ದರಿಂದಲೇ 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್ ಹೆಪ್ಪುಗಟ್ಟಿತೇ? ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಕತ್ತಲಗೆರೆಯ ಮಟ್ಟಿಗೆ ಕೊಲ್ಲಿಯ ನಂಟೇ ಹೆಚ್ಚು ಸ್ಪಷ್ಟ.

ಆದರೆ ಮೋಡ ತರುವ ಆ ಹಗಲ ಚಳಿ ಲೆಕ್ಕಕ್ಕೇ ಬರುವುದಿಲ್ಲ. ಬಯಲು ಸೀಮೆಯಲ್ಲಿ ರಾತ್ರಿಯ ಉಷ್ಣಾಂಶ 10 ಡಿಗ್ರಿಗೆ ಇಳಿಯದೆ ಹವಾಮಾನ ಇಲಾಖೆ ಶೀತಗಾಳಿಯನ್ನಾಗಲಿ ಶೀತದಿನವನ್ನಾಗಲಿ ಘೋಷಿಸುವುದಿಲ್ಲ. ಮೋಡವಿದ್ದಾಗ ರಾತ್ರಿ ಅಷ್ಟು ತಣಿಯುವುದೇ ಅಪರೂಪ. ಭತ್ತ, ಅಡಿಕೆ ಒಣಗಿಸುವವರಿಗೆ ಮಳೆಯ ಪ್ರಮಾಣದ ಜೊತೆಗೆ, ಎಷ್ಟು ದಿನ ಬಿಸಿಲಿರುವುದಿಲ್ಲ ಎಂಬ ಮುನ್ಸೂಚನೆಯೂ ಕೊಯ್ಲಿಗೆ ಮೊದಲೇ ತಲುಪಬೇಕು.